ಗದ್ದ ಎತ್ತುವ ಕೆಲಸ

ಕುತ್ತಿಗೆ ಸುಟ್ಟವರ ಹಾಸಿಗೆಯಲ್ಲಿ ತಲೆದಿಂಬು ಕಂಡರೆ ಮೊದಲು ಅದನ್ನು ತೆಗೆಸುತ್ತೇವೆ. ಮನೆಯವರಿಗೆ ಇದು ನಿರ್ದಯೆ ಅನ್ನಿಸುತ್ತದೆ. ನಾವು ಆಚೆ ಹೋದ ಕೂಡಲೇ ಯಾರಾದರೊಬ್ಬರು ಮತ್ತೆ ತಂದಿಟ್ಟಿರುತ್ತಾರೆ. ದಿಂಬಿನ ಮೇಲೆ ತಲೆಯಿಟ್ಟರೆ ಗದ್ದ ಎದೆಯ ಕಡೆ ಬಾಗುತ್ತದೆ, ಹಸಿ ಗಾಯ ಮಡಚಿಕೊಳ್ಳುತ್ತದೆ, ಎಳೆತ ತಗ್ಗಿ ನೋವು ಕಡಿಮೆಯಾಗುತ್ತದೆ. ಗಾಯ ಆ ಮಡಿಕೆಯಲ್ಲೇ ಮಾಯುತ್ತದೆ. ರೋಗಿಗೆ ಯಾವ ಭಂಗಿ ಹಿತವೋ ಮುಂದೆ ಅಂಟಿಕೊಳ್ಳುವುದೂ ಅದೇ ಭಂಗಿ. ಮೊಣಕೈ ಮಡಚಿಟ್ಟರೆ ಮಡಚಿದಂತೆ, ತೋಳನ್ನು ಪಕ್ಕಕ್ಕೆ ಒತ್ತಿಟ್ಟರೆ ಒತ್ತಿದಂತೆ, ಕುತ್ತಿಗೆ ಬಾಗಿಸಿದರೆ ಬಾಗಿದಂತೆ.

ದೊಡ್ಡವರಲ್ಲಿ ಬೆಂಕಿ ಹೆಚ್ಚಾಗಿ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಸೆರಗಿಗೋ ನೈಟಿಗೋ ಒಲೆಯ ಜ್ವಾಲೆ ತಗುಲಿ, ಪಾಲಿಯೆಸ್ಟರ್ ಕರಗಿ ಮೈಗೆ ಮೆತ್ತಿ, ಹೊಟ್ಟೆ, ಎದೆ, ಕಂಕುಳು, ಕುತ್ತಿಗೆ, ಗದ್ದ ಇದೇ ಸಾಲಿನಲ್ಲಿ ಸುಡುತ್ತವೆ. ಮಕ್ಕಳಲ್ಲಿ ಮೇಲಿನಿಂದ ಕೆಳಕ್ಕೆ: ಕಟ್ಟೆಯ ಮೇಲಿನ ಸಾರಿನ ಪಾತ್ರೆ ಎಳೆದುಕೊಂಡರೆ ಗದ್ದ, ಕತ್ತು, ಎದೆ. ಎರಡು ದಾರಿಯಲ್ಲೂ ಕುತ್ತಿಗೆ ಸಿಕ್ಕಿಬೀಳುತ್ತದೆ. ಅದಕ್ಕೇ ಸುಟ್ಟ ಕಲೆಯ ಸೆಳೆತ, ಅಂದರೆ ಕಾಂಟ್ರಾಕ್ಚರ್, ಬಿಡಿಸುವುದು ಹೇಗೆಂದು ಯಾರಾದರೂ ಕೇಳಿದರೆ ನಾವು ಕುತ್ತಿಗೆಯನ್ನೇ ಇಟ್ಟುಕೊಂಡು ಹೇಳುತ್ತೇವೆ. ಅದು ಬಂದರೆ ಮಿಕ್ಕ ಜಾಗಗಳೂ ಅರ್ಧ ಬಂದಂತೆ.

ಕಲೆ ಯಾಕೆ ಎಳೆಯುತ್ತದೆ ಅನ್ನುವುದನ್ನು ಬಿಡಿಸಿ ಹೇಳದೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಗಾಯ ಮುಚ್ಚಲು ಬರುವ ಜೀವಕೋಶಗಳಲ್ಲಿ ಮಯೋಫೈಬ್ರೋಬ್ಲಾಸ್ಟ್ ಎಂಬ ಒಂದು ಬಗೆ ಇದೆ. ಅದರೊಳಗೆ ಮಾಂಸಖಂಡದಲ್ಲಿರುವಂಥ ಎಳೆಗಳಿವೆ, ಅದು ಗಾಯದ ಅಂಚುಗಳನ್ನು ಹಿಡಿದು ಒಳಕ್ಕೆ ಜಗ್ಗುತ್ತದೆ. ಚಿಕ್ಕ ಗಾಯದಲ್ಲಿ ಇದು ಉಪಕಾರ. ಚರ್ಮದ ಒಳಪದರವೇ ಸುಟ್ಟುಹೋದ ದೊಡ್ಡ ಗಾಯದಲ್ಲಿ ಮುಚ್ಚಿದ ಮೇಲೂ ಅದು ಜಗ್ಗುವುದನ್ನು ನಿಲ್ಲಿಸುವುದಿಲ್ಲ. ಮೂರು ವಾರದೊಳಗೆ ಮಾಯ್ದ ಗಾಯ ಸಾಮಾನ್ಯವಾಗಿ ಬಣ್ಣ ಬದಲಾಗಿ ಸುಮ್ಮನಾಗುತ್ತದೆ. ಮೂರು ವಾರ ದಾಟಿದ ಗಾಯದಲ್ಲಿ ಕಲೆ ದಪ್ಪಗಾಗುವ ಸಂಭವ ಬಹಳ ಹೆಚ್ಚು. ಮಾಯ್ದ ಒಂದೆರಡು ತಿಂಗಳಲ್ಲಿ ಕಲೆ ಕೆಂಪಾಗಿ, ಗಟ್ಟಿಯಾಗಿ, ಉಬ್ಬಿ ಏಳಲು ಶುರು. ಆರು ತಿಂಗಳವರೆಗೆ ಏರುತ್ತಾ ಹೋಗಿ, ಆಮೇಲೆ ಒಂದರಿಂದ ಎರಡು ವರ್ಷದಲ್ಲಿ ನಿಧಾನವಾಗಿ ಬಿಳಿಚಿ ಮೆತ್ತಗಾಗುತ್ತದೆ. ‘ಡಿಸ್ಚಾರ್ಜ್ ಆಗುವಾಗ ಕತ್ತು ಚೆನ್ನಾಗಿಯೇ ಇತ್ತು, ಊರಿಗೆ ಹೋದ ಮೇಲೆ ಹೀಗಾಯಿತು’ ಎಂಬ ದೂರಿನಲ್ಲಿ ಸುಳ್ಳೇನೂ ಇಲ್ಲ. ಎಳೆತದ ಕಾಲ ಶುರುವಾಗುವುದೇ ಊರಿಗೆ ಹೋದ ಮೇಲೆ.

ಇದನ್ನೇ ಕೆಲವರು ಕೆಲಾಯ್ಡ್ ಅನ್ನುತ್ತಾರೆ. ಸುಟ್ಟ ಜಾಗದ ಗಡಿಯೊಳಗೇ ಉಬ್ಬಿದ ಕಲೆ ಕೆಲಾಯ್ಡ್ ಅಲ್ಲ, ಹೈಪರ್‌ಟ್ರೋಫಿಕ್ ಕಲೆ. ಕೆಲಾಯ್ಡ್ ಗಡಿ ದಾಟಿ ಒಳ್ಳೆಯ ಚರ್ಮದ ಮೇಲೆ ಹಬ್ಬುತ್ತದೆ, ತಾನಾಗಿ ಇಳಿಯುವುದಿಲ್ಲ, ಕತ್ತರಿಸಿದರೆ ಮೊದಲಿಗಿಂತ ದೊಡ್ಡದಾಗಿ ಬೆಳೆದು ಕೂರಬಹುದು.

ಓಪಿಡಿಯಲ್ಲಿ ಮೊದಲ ಪ್ರಶ್ನೆ ಯಾವಾಗಲೂ ‘ಆಪರೇಷನ್ ಯಾವಾಗ?’ ಎನ್ನುವುದೇ. ಕಲೆ ಕೆಂಪಾಗಿ, ಬಿಸಿಯಾಗಿ, ನವೆಯಾಡುತ್ತಿರುವಾಗ ಕತ್ತಿ ಇಟ್ಟರೆ ರಕ್ತ ಜಾಸ್ತಿ ಹೋಗುತ್ತದೆ, ಅಂಚುಗಳು ಹೊಲಿಗೆ ಹಿಡಿಯುವುದಿಲ್ಲ, ಹಾಕಿದ ಕಸಿಯೂ, ಅಂದರೆ ಮೈಯ ಬೇರೆ ಜಾಗದಿಂದ ತೆಗೆದು ಕೂರಿಸಿದ ಚರ್ಮವೂ, ಮತ್ತೆ ಬೇಗ ಮುದುಡುತ್ತದೆ. ಆದ್ದರಿಂದ ಸಾಮಾನ್ಯ ಉತ್ತರ: ಗಾಯ ಮಾಯ್ದು ಆರು ತಿಂಗಳಿಂದ ಒಂದು ವರ್ಷ. ಬೆರಳಿನಿಂದ ಒತ್ತಿದರೆ ಬಿಳಿಚಿ ತಟ್ಟನೆ ಕೆಂಪಾಗುವ ಕಲೆ ಇನ್ನೂ ಹಸಿ. ಕೆಂಪು ನಿಧಾನಕ್ಕೆ ಮರಳಿದರೆ, ಚಿವುಟಿ ಹಿಡಿಯಲು ಬಂದರೆ, ಹಣ್ಣಾಗಿದೆ ಎಂದು ಲೆಕ್ಕ.

ಕಾಯಬಾರದ ಕೆಲವು ಇವೆ. ರೆಪ್ಪೆ ಹೊರಕ್ಕೆ ಮಗುಚಿ ಕಣ್ಣು ಮುಚ್ಚದಿದ್ದರೆ ವಾರಗಳೂ ಹೆಚ್ಚು. ಕಣ್ಣಿನ ಕರಿಗುಡ್ಡೆ ಒಣಗಿ ಹುಣ್ಣಾಗುತ್ತದೆ. ಬಾಯಿ ಚಿಕ್ಕದಾಗಿ ಊಟ ಹೋಗದಿದ್ದರೆ, ಬೆಳೆಯುವ ಮಗುವಿನ ಕೀಲು ಮಡಚಿಕೊಂಡಿದ್ದರೆ, ಅವೂ ಹಾಗೆಯೇ. ಕುತ್ತಿಗೆಯಲ್ಲಿ ಗದ್ದ ಎದೆಗೆ ಅಂಟಿ, ಕೆಳತುಟಿ ಜೋಲಿ, ಜೊಲ್ಲು ನಿಲ್ಲದೆ, ಬಾಯಿ ಮುಚ್ಚದಿದ್ದರೆ ಕಲೆ ಹಣ್ಣಾಗಲಿ ಎಂದು ಕಾಯುವುದಿಲ್ಲ. ಮಕ್ಕಳಲ್ಲಿ ಈ ಎಳೆತ ದವಡೆಯ ಮೂಳೆಯ ಬೆಳವಣಿಗೆಯನ್ನೇ ಸೊಟ್ಟ ಮಾಡಿ, ಮುಂದಿನ ಹಲ್ಲುಗಳನ್ನು ಹೊರಕ್ಕೆ ತಳ್ಳುತ್ತದೆ.

ಅಳತೆಯನ್ನು ಬರೆದಿಡುವುದು ಬಹಳ ಮುಖ್ಯ. ರೋಗಿಯನ್ನು ಬೆನ್ನು ನೇರ ಮಾಡಿ ಕೂರಿಸಿ, ಆದಷ್ಟು ಮೇಲೆ ನೋಡಲು ಹೇಳಿ, ಗದ್ದದ ತುದಿಯಿಂದ ಎದೆಮೂಳೆಯ ಮೇಲಿನ ಗುಳಿಯವರೆಗೆ ಟೇಪು ಹಿಡಿಯಬೇಕು. ಬಾಯಿ ಎಷ್ಟು ತೆರೆಯುತ್ತದೆ, ಮೇಲಿನ ಮತ್ತು ಕೆಳಗಿನ ಹಲ್ಲಿನ ನಡುವೆ ಸೆಂಟಿಮೀಟರ್ ಲೆಕ್ಕ. ಮುಂದಿನಿಂದ ಒಂದು, ಎರಡೂ ಪಕ್ಕದಿಂದ ಒಂದೊಂದು ಫೋಟೋ. ಈ ಸಂಖ್ಯೆ ಇಲ್ಲದಿದ್ದರೆ ಆರು ತಿಂಗಳ ಮೇಲೆ ‘ಸ್ವಲ್ಪ ಎಳೆದಂತಿದೆ’, ‘ಇಲ್ಲ, ಹಾಗೇ ಇದೆ’ ಎಂಬ ಜಗಳಕ್ಕೆ ಕೊನೆಯಿಲ್ಲ.

ಕಾಯುವ ತಿಂಗಳುಗಳೂ ಖಾಲಿಯಲ್ಲ. ಕಲೆಗೆ ದಿನಕ್ಕೆ ಮೂರು ನಾಲ್ಕು ಸಲ ಕೊಬ್ಬರಿ ಎಣ್ಣೆಯೋ ಲಿಕ್ವಿಡ್ ಪ್ಯಾರಾಫಿನ್ನೋ ಹಚ್ಚಿ, ಕಲೆ ಬಿಳಿಚುವಷ್ಟು ಒತ್ತಿ ತಿಕ್ಕಬೇಕು. ಸುಟ್ಟ ಚರ್ಮದಲ್ಲಿ ಎಣ್ಣೆಯ ಗ್ರಂಥಿಗಳು ಉಳಿದಿರುವುದಿಲ್ಲ, ಒಣಗಿ ಬಿರಿಯುತ್ತದೆ. ಸಿಲಿಕೋನ್ ಜೆಲ್ ಹಾಳೆ ದಿನಕ್ಕೆ 12 ಗಂಟೆಗೆ ಕಡಿಮೆಯಿಲ್ಲದೆ. ಪ್ರೆಷರ್ ಗಾರ್ಮೆಂಟ್, ಅಂದರೆ ಕಲೆಯನ್ನು ಒತ್ತಿ ಹಿಡಿಯುವ ಬಿಗಿ ಉಡುಪು, ದಿನಕ್ಕೆ 23 ಗಂಟೆ, ಸುಮಾರು 25 ಮಿ.ಮೀ. ಪಾದರಸದ ಒತ್ತಡ, ವರ್ಷದ ಆಚೆಯವರೆಗೂ. ಹೇಳುವುದು ಸುಲಭ. ಏಪ್ರಿಲ್ ತಿಂಗಳಲ್ಲಿ ರಾಯಚೂರಿನಲ್ಲೋ ಕಲಬುರಗಿಯಲ್ಲೋ ಅದನ್ನು ಹಾಕಿಕೊಂಡಿರುವುದು ಬೇರೆ ಮಾತು. ಬೆವರು, ನವೆ, ಬೊಬ್ಬೆ. ಅದಕ್ಕೇ ಎರಡು ಜೊತೆ ಬೇಕು, ಒಂದು ಒಗೆದಾಗ ಇನ್ನೊಂದು. ಎರಡು ಮೂರು ತಿಂಗಳಿಗೆ ಎಲಾಸ್ಟಿಕ್ ಸಡಿಲಾಗಿ ಅದು ಬರಿಯ ಬಟ್ಟೆಯಾಗುತ್ತದೆ, ಹೊಸದು ಹೊಲಿಸಬೇಕು. ನವೆಗೆ ಮೊದಲು ಸೆಟಿರಿಜಿನ್‌ನಂಥ ಮಾತ್ರೆ, ಅದಕ್ಕೂ ಬಗ್ಗದಿದ್ದರೆ ವೈದ್ಯರು ಗ್ಯಾಬಾಪೆಂಟಿನ್ ಬರೆಯುತ್ತಾರೆ. ರಾತ್ರಿ ನಿದ್ದೆಯಲ್ಲಿ ಕೆರೆದು ಆದ ಗಾಯವೇ ಎಷ್ಟೋ ಸಲ ಆಪರೇಷನ್ ದಿನಾಂಕವನ್ನು ಮುಂದೂಡುತ್ತದೆ. ಉಗುರು ಕತ್ತರಿಸುವುದೂ ಚಿಕಿತ್ಸೆಯೇ. ಸಣ್ಣ ಜಾಗದ ದಪ್ಪ ಕಲೆಗೆ ಟ್ರಯಾಮ್ಸಿನೋಲೋನ್ ಎಂಬ ಸ್ಟೀರಾಯ್ಡ್ ಚುಚ್ಚುವುದುಂಟು, ನಾಲ್ಕರಿಂದ ಆರು ವಾರಕ್ಕೊಮ್ಮೆ. ಇಡೀ ಕುತ್ತಿಗೆಗೆ ಅದು ನಡೆಯುವ ಮಾತಲ್ಲ.

ಊಟದ ವಿಷಯದಲ್ಲಿ ಒಂದು ತಕರಾರು ಇದ್ದೇ ಇದೆ. ಸುಟ್ಟವರಿಗೆ ಮೊಟ್ಟೆ, ಮೀನು, ಬದನೆಕಾಯಿ, ಕೆಲವು ಮನೆಗಳಲ್ಲಿ ತೊಗರಿಬೇಳೆ ಕೂಡ ‘ನಂಜು’ ಎಂದು ನಿಲ್ಲಿಸಿ ಗಂಜಿಯ ಮೇಲೆ ಇಟ್ಟಿರುತ್ತಾರೆ. ಹಿಮೋಗ್ಲೋಬಿನ್ ಎಂಟಕ್ಕೆ ಇಳಿದು ಬರುತ್ತಾರೆ. ಹತ್ತರ ಮೇಲಿದ್ದರೆ ಕಸಿ ಹಿಡಿಯುವ ಧೈರ್ಯ ನಮಗೂ ಇರುತ್ತದೆ. ಬದನೆಕಾಯಿ ಬಿಟ್ಟರೆ ಬಿಡಲಿ. ಮೊಟ್ಟೆ, ಕಾಳು, ಹಾಲು ಬಿಡುವಂತಿಲ್ಲ.

ಆಪರೇಷನ್ ದಿನ ಎಲ್ಲರಿಗಿಂತ ಹೆಚ್ಚು ಎದೆ ಹೊಡೆದುಕೊಳ್ಳುವುದು ಅರಿವಳಿಕೆ ವೈದ್ಯರದ್ದು. ಸಾಧಾರಣ ರೋಗಿಗೆ ನಿದ್ದೆ ಬರಿಸಿ, ಸ್ನಾಯು ಸಡಿಲಿಸುವ ಔಷಧಿ ಕೊಟ್ಟು, ತಲೆ ಹಿಂದಕ್ಕೆ ಬಾಗಿಸಿ, ಬಾಯಿಯಿಂದ ಶ್ವಾಸನಾಳಕ್ಕೆ ಕೊಳವೆ ಇಳಿಸುತ್ತಾರೆ. ಇಲ್ಲಿ ತಲೆ ಹಿಂದಕ್ಕೆ ಹೋಗುವುದೇ ಇಲ್ಲ. ಮುಖಕ್ಕೆ ಮಾಸ್ಕ್ ಸರಿಯಾಗಿ ಕೂರುವುದಿಲ್ಲ. ಉಸಿರು ನಿಲ್ಲಿಸುವ ಔಷಧಿ ಕೊಟ್ಟ ಮೇಲೆ ಕೊಳವೆ ಹೋಗಲಿಲ್ಲ ಅಂದರೆ ಕತ್ತಿನಲ್ಲಿ ತೂತು ಮಾಡಿ ಗಾಳಿ ಕೊಡೋಣವೆಂದರೂ ಆ ಕತ್ತೇ ಕೈಗೆ ಸಿಗುವುದಿಲ್ಲ, ಗದ್ದದ ಹಿಂದೆ ಹುದುಗಿದೆ. ಹಾಗಾಗಿ ದಾರಿ ಎರಡು. ಒಂದು, ರೋಗಿ ಎಚ್ಚರವಿದ್ದಾಗಲೇ ಮೂಗು, ಗಂಟಲು ಮರಗಟ್ಟಿಸಿ, ಫೈಬರ್‌ಆಪ್ಟಿಕ್ ದುರ್ಬೀನಿನ ಮೇಲೆ ಪೋಣಿಸಿದ ಕೊಳವೆಯನ್ನು ಮೂಗಿನಿಂದ ಇಳಿಸುವುದು. ಎರಡನೆಯದು ದುರ್ಬೀನು ಇಲ್ಲದ ಕಡೆ ಬಹಳ ಕಾಲದಿಂದ ನಡೆದುಬಂದದ್ದು: ಸ್ವಲ್ಪ ಕೆಟಮಿನ್ ಎಂಬ ಅರಿವಳಿಕೆ ಔಷಧಿ ಕೊಟ್ಟು, ಉಸಿರಾಟ ತಾನಾಗಿ ನಡೆಯುತ್ತಿರುವಾಗಲೇ ಕಲೆಗೆ ರಕ್ತನಾಳ ಕುಗ್ಗಿಸುವ ಅಡ್ರಿನಲಿನ್ ಬೆರೆಸಿದ, ಜಾಗ ಮರಗಟ್ಟಿಸುವ ಲಿಗ್ನೋಕೇನ್ ಚುಚ್ಚಿ, ಸರ್ಜನ್ ಮೊದಲು ಕಲೆಯನ್ನು ಅಡ್ಡ ಕೊಯ್ದು ಕುತ್ತಿಗೆ ಬಿಡಿಸುತ್ತಾರೆ. ತಲೆ ಹಿಂದಕ್ಕೆ ಹೋಗುತ್ತದೆ, ಆಗ ಕೊಳವೆ ಹಾಕುತ್ತಾರೆ. ಎರಡರಲ್ಲೂ ನಿಯಮ ಒಂದೇ. ಕೊಳವೆ ಒಳಗೆ ಹೋಗಿ, ಹೊರಬರುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಲೆ ಪರದೆಯ ಮೇಲೆ ಕಾಣುವವರೆಗೆ ಸ್ನಾಯು ಸಡಿಲಿಸುವ ಔಷಧಿಯನ್ನು ಮುಟ್ಟುವುದಿಲ್ಲ.

ಕೊಯ್ಯುವುದು ಎಳೆತ ಅತಿ ಹೆಚ್ಚಿರುವ ಗೆರೆಯ ಮೇಲೆ, ಅಡ್ಡಲಾಗಿ. ಹೊಸಬರು ಮಾಡುವ ತಪ್ಪು ಕಲೆ ಮುಗಿದ ಕಡೆ ಕತ್ತಿ ನಿಲ್ಲಿಸುವುದು. ಕೊಯ್ತ ಎರಡೂ ಕಡೆ ಕುತ್ತಿಗೆಯ ಪಕ್ಕದ ನಡುಗೆರೆ ದಾಟಿ ಹೋಗಬೇಕು, ತುದಿಗಳಲ್ಲಿ ಮೀನಿನ ಬಾಲದಂತೆ ಎರಡಾಗಿ ಸೀಳಬೇಕು. ನೇರವಾಗಿ ನಿಲ್ಲಿಸಿದರೆ ಆ ಎರಡು ತುದಿಗಳಲ್ಲೇ ಹೊಸ ಪಟ್ಟಿ ಎದ್ದು ಎಳೆಯುತ್ತದೆ. ಆಳದಲ್ಲಿ ಕಲೆ, ಕೊಬ್ಬು, ಅದರ ಕೆಳಗಿನ ತೆಳು ಸ್ನಾಯು ಪ್ಲಟಿಸ್ಮಾ. ಮುದುಡಿದ್ದರೆ ಅದನ್ನೂ ಕತ್ತರಿಸಬೇಕು. ಪಕ್ಕದಲ್ಲಿ ದಪ್ಪ ಅಭಿಧಮನಿ, ದವಡೆಯಂಚಿನಲ್ಲಿ ಕೆಳತುಟಿಯನ್ನು ಆಡಿಸುವ ಸಣ್ಣ ನರ, ಇವೆರಡರ ಬಳಿ ಕೈ ನಿಧಾನ. ಸರಿಯಾದ ಪದರ ಸಿಕ್ಕಾಗ ಕುತ್ತಿಗೆ ಒಮ್ಮೆಲೇ ತೆರೆದುಕೊಳ್ಳುತ್ತದೆ. ಕೂದಲೆಳೆಯಷ್ಟಿದ್ದ ಕೊಯ್ತ ಅಂಗೈ ಅಗಲವಾಗುತ್ತದೆ. ಕಲೆ ನುಂಗಿದ್ದ ಚರ್ಮ ಎಷ್ಟು ಎಂಬುದು ಆ ಹೊತ್ತಿಗೆ ಕಣ್ಣಿಗೆ ಬೀಳುತ್ತದೆ: 8–10 ಸೆಂ.ಮೀ. ಅಗಲ, ಕಿವಿಯಿಂದ ಕಿವಿಗೆ ಹತ್ತಿರ ಹತ್ತಿರ ಉದ್ದ. ಮನೆಯವರಿಗೆ ಮೊದಲೇ ಹೇಳಿರದಿದ್ದರೆ ‘ಇಷ್ಟು ಚಿಕ್ಕ ಕಲೆಗೆ ಎರಡೂ ತೊಡೆಯ ಚರ್ಮ ಯಾಕೆ ತೆಗೆದಿರಿ’ ಎಂಬ ಮಾತು ತಪ್ಪಿದ್ದಲ್ಲ.

ರಕ್ತ ನಿಲ್ಲಿಸುವ ಕೆಲಸಕ್ಕೆ ಅವಸರವಿಲ್ಲ. ಬೈಪೋಲಾರ್ ಎಂಬ ವಿದ್ಯುತ್ ಇಕ್ಕುಳದಿಂದ ರಕ್ತ ಒಸರುವ ಒಂದೊಂದೇ ಚುಕ್ಕೆ ಸುಟ್ಟು, ಬಿಸಿ ಸಲೈನ್ ಬಟ್ಟೆ ಒತ್ತಿ ಹತ್ತು ನಿಮಿಷ ಕಾದು, ಮತ್ತೆ ನೋಡಬೇಕು. ಅಡ್ರಿನಲಿನ್ ಇರುವಾಗ ಒಣಗಿ ಕಾಣುವ ಜಾಗ ಅದರ ಪ್ರಭಾವ ಇಳಿದ ಮೇಲೆ ಒಸರುತ್ತದೆ. ಕಸಿಯ ಕೆಳಗೆ ಸೇರುವ ಒಂದು ಚಮಚ ರಕ್ತ ಅದರ ಮೇಲಿನ ಅಷ್ಟೂ ಚರ್ಮವನ್ನು ಸಾಯಿಸುತ್ತದೆ.

ಚರ್ಮ ತೆಗೆಯುವುದು ತೊಡೆಯಿಂದ. ತೊಡೆಗೆ ಲಿಕ್ವಿಡ್ ಪ್ಯಾರಾಫಿನ್ ಸವರಿ, ಒಬ್ಬರು ಮರದ ಹಲಗೆಯಿಂದ ಚರ್ಮವನ್ನು ಹಿಂದಕ್ಕೆ ಒತ್ತಿ ಹಿಡಿಯುತ್ತಾರೆ, ಇನ್ನೊಬ್ಬರು ತೊಡೆಯ ಮಾಂಸವನ್ನು ಕೆಳಗಿನಿಂದ ಎತ್ತಿ ಜಾಗವನ್ನು ಚಪ್ಪಟೆ ಮಾಡುತ್ತಾರೆ. ಚರ್ಮದ ಪದರ ತೆಗೆಯುವ ಹಂಬಿ ಚಾಕು ಗರಗಸದಂತೆ ಹಿಂದೆ ಮುಂದೆ ಆಡುತ್ತದೆ, ಮುಂದಕ್ಕೆ ಒತ್ತುವುದು ಬಹಳ ಕಡಿಮೆ. ಒತ್ತಿದರೆ ಆಳಕ್ಕೆ ಇಳಿಯುತ್ತದೆ. ಪದರ ಎಷ್ಟು ದಪ್ಪ ಬರಬೇಕೆಂದು ತೀರ್ಮಾನಿಸುವ, ಅಲಗು ಮತ್ತು ರೋಲರಿನ ನಡುವಿನ ಸಂದನ್ನು ಮೊದಲೇ ಬೆಳಕಿಗೆ ಹಿಡಿದು ನೋಡಿರಬೇಕು. ಕುತ್ತಿಗೆಗೆ ಬೇಕಾದದ್ದು ದಪ್ಪ ಪದರ, ಸುಮಾರು 0.4 ಮಿ.ಮೀ. ಚಾಕುವಿನ ಮೇಲೆ ನೆರಿಗೆಯಾಗಿ ಏರಿಬರುವ ಚರ್ಮ ತೀರಾ ಪಾರದರ್ಶಕವಾಗಿದ್ದರೆ ತೆಳುವಾಯಿತು. ಬಿಳಿಯಾಗಿ ಅಂಚು ಸುರುಳಿ ಸುತ್ತಿದರೆ ದಪ್ಪ. ತೆಗೆದ ಜಾಗವೂ ಹೇಳುತ್ತದೆ: ಒತ್ತೊತ್ತಾಗಿ ಸಣ್ಣ ರಕ್ತದ ಚುಕ್ಕೆಗಳು ಎದ್ದರೆ ತೆಳು, ದೂರದೂರ ದೊಡ್ಡ ಚುಕ್ಕೆಗಳಾದರೆ ದಪ್ಪ, ಹಳದಿ ಕೊಬ್ಬು ಕಂಡರೆ ಮಿತಿ ಮೀರಿತು. ತೆಳು ಚರ್ಮ ಬೇಗ ಹಿಡಿಯುತ್ತದೆ, ಆದರೆ ಜಾಸ್ತಿ ಮುದುಡುತ್ತದೆ. ದಪ್ಪದ್ದು ಹಿಡಿಯಲು ಸತಾಯಿಸುತ್ತದೆ, ಆಮೇಲೆ ಕಡಿಮೆ ಮುದುಡುತ್ತದೆ. ಚರ್ಮದ ಪೂರ್ತಿ ದಪ್ಪ ತೆಗೆದರೆ ಎಲ್ಲಕ್ಕಿಂತ ಕಡಿಮೆ ಮುದುಡುವುದು ಅದೇ, ಆದರೆ ಅಷ್ಟು ದೊಡ್ಡ ತುಂಡು ತೆಗೆದು ಆ ಜಾಗವನ್ನು ಹೊಲಿದು ಮುಚ್ಚುವಷ್ಟು ಸಡಿಲ ಚರ್ಮ ಮೈಮೇಲೆ ಇರಬೇಕಲ್ಲ.

ಸ್ಕಿನ್ ಬ್ಯಾಂಕಿನ ಚರ್ಮ ಹಾಕಿ ಎಂದು ಕೇಳುವವರಿದ್ದಾರೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಿಂದ ಅಂಥ ಬ್ಯಾಂಕ್ ಇದೆ. ಅದು ಹೊಸದಾಗಿ ಸುಟ್ಟವರ ಪ್ರಾಣ ಉಳಿಸಲು ಕೆಲವು ವಾರದ ತಾತ್ಕಾಲಿಕ ಹೊದಿಕೆ. ಬೇರೆಯವರ ಚರ್ಮವನ್ನು ಮೈ ಕೊನೆಗೆ ಹೊರಗೆ ಹಾಕುತ್ತದೆ. ಸೆಳೆತ ಬಿಡಿಸಿದ ಗುಂಡಿಗೆ ಸ್ವಂತ ಚರ್ಮವೇ ಆಗಬೇಕು.

ಕುತ್ತಿಗೆಯ ಮೇಲೆ ಚರ್ಮವನ್ನು ಜಾಲರಿ ಮಾಡಿ ಹರಡುವುದಿಲ್ಲ, ಹಾಳೆಯಂತೆ ಇಡೀ ಇಡುತ್ತೇವೆ. ಎರಡು ಹಾಳೆ ಕೂಡುವ ಹೊಲಿಗೆ ಅಡ್ಡಲಾಗಿಯೇ ಬರಬೇಕು. ಉದ್ದಕ್ಕೆ, ಅಂದರೆ ಗದ್ದದಿಂದ ಎದೆಯ ಕಡೆಗೆ ಕೂಡು ಬಂದರೆ ಆ ಗೆರೆಯೇ ನಾಳೆ ಹಗ್ಗವಾಗುತ್ತದೆ. ಅಂಚಿಗೆ ಹೊಲಿಗೆ ಹಾಕಿ ರೇಷ್ಮೆ ದಾರವನ್ನು ಉದ್ದ ಬಿಟ್ಟು, ಮೇಲೆ ಪ್ಯಾರಾಫಿನ್ ಸವರಿದ ಗಾಜ್ ಬಟ್ಟೆ, ಅದರ ಮೇಲೆ ಸಲೈನಿನಲ್ಲಿ ಅದ್ದಿ ಹಿಂಡಿದ ಹತ್ತಿಯನ್ನು ಗುಂಡಿಯ ಆಕಾರಕ್ಕೆ ತುಂಬಿ, ಎದುರುಬದುರಿನ ದಾರಗಳನ್ನು ಮೂಟೆ ಕಟ್ಟಿದಂತೆ ಕಟ್ಟುತ್ತೇವೆ. ಉಳಿದ ಚರ್ಮವನ್ನು ಸಲೈನಿನಲ್ಲಿ ಅದ್ದಿದ ಗಾಜ್ ಬಟ್ಟೆಯಲ್ಲಿ ಸುತ್ತಿ, ಬಾಟಲಿಯ ಮೇಲೆ ಹೆಸರು, ದಿನಾಂಕ ಬರೆದು ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿ ಇಡುತ್ತೇವೆ. ಎರಡು ವಾರದೊಳಗೆ ಎಲ್ಲಾದರೂ ತೇಪೆ ಬೇಕಾದರೆ ತೊಡೆಗೆ ಮತ್ತೆ ಚಾಕು ಹಾಕುವುದು ತಪ್ಪುತ್ತದೆ.

ಮೊದಲ ಎರಡು ದಿನ ಕಸಿ ಕೆಳಗಿನ ಗಾಯದ ರಸವನ್ನು ಹೀರಿ ಬದುಕುತ್ತದೆ. ಎರಡು ಮೂರನೆಯ ದಿನ ಕೆಳಗಿನ ರಕ್ತನಾಳದ ತುದಿಗಳು ಮೇಲಿನವಕ್ಕೆ ಕೂಡತೊಡಗುತ್ತವೆ, ಐದನೆಯ ದಿನದ ಹೊತ್ತಿಗೆ ರಕ್ತ ಹರಿಯುತ್ತದೆ. ಆ ಐದು ದಿನ ಕಸಿ ಕೂದಲೆಳೆಯಷ್ಟು ಜರುಗಿದರೂ ಕೂಡಿದ ಎಳೆಗಳು ಕಡಿಯುತ್ತವೆ. ಕುತ್ತಿಗೆ ಇರುವುದೋ ನುಂಗುವ, ಮಾತಾಡುವ, ಕೆಮ್ಮುವ ಜಾಗದಲ್ಲಿ. ಭುಜದ ಕೆಳಗೆ ದಿಂಬು, ತಲೆ ಹಿಂದಕ್ಕೆ, ಊಟ ಸ್ಟ್ರಾದಲ್ಲಿ ಹೀರುವಂಥದ್ದು, ಮಾತು ಕೈಸನ್ನೆಯಲ್ಲಿ. ವಾಂತಿಯಾಗದಂತೆ ಮೊದಲೇ ಔಷಧಿ ಕೊಡುತ್ತೇವೆ. ಒಂದು ವಾಂತಿಗೆ ಅರ್ಧ ಕಸಿ ಹೋಗಬಹುದು.

ಐದನೆಯ ದಿನ ಡ್ರೆಸ್ಸಿಂಗ್ ಬಿಚ್ಚುವ ಮುಂಚೆ ಮೂಗು ಹತ್ತಿರ ತರುತ್ತೇವೆ. ಸಿಹಿ ಹುಳಿತ ವಾಸನೆ, ಹಸಿರು ಕಲೆ ಇದ್ದರೆ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಕೂತಿದೆ. ತೆಳು ಅಸಿಟಿಕ್ ಆಮ್ಲದ ಒದ್ದೆ ಬಟ್ಟೆ ಶುರುವಾಗುತ್ತದೆ. ಸಲೈನಿನಲ್ಲಿ ಚೆನ್ನಾಗಿ ನೆನೆಸಿ, ದಾರ ಕತ್ತರಿಸಿ, ಹತ್ತಿಯನ್ನು ಮೇಲಕ್ಕೆ ಎತ್ತದೆ ಪಕ್ಕಕ್ಕೆ ಸುಲಿಯುತ್ತಾ, ಇನ್ನೊಂದು ಕೈಯ ಇಕ್ಕುಳದಿಂದ ಕಸಿಯ ಅಂಚನ್ನು ಒತ್ತಿ ಹಿಡಿಯಬೇಕು. ಗುಲಾಬಿ ಬಣ್ಣ, ಬೆರಳಿಟ್ಟರೆ ಜಾರದಿದ್ದರೆ ಹಿಡಿದಿದೆ. ನೇರಳೆ ಬಣ್ಣದ ಉಬ್ಬು ಇದ್ದರೆ ಕೆಳಗೆ ರಕ್ತ. ಸಣ್ಣ ಸೀಳು ಕೊಟ್ಟು ಹತ್ತಿಕಡ್ಡಿ ಉರುಳಿಸಿ ಹೊರಡಿಸುತ್ತೇವೆ, ಒಂದೆರಡು ದಿನದೊಳಗೆ ಕಂಡಿದ್ದರೆ ಆ ತುಂಡು ಉಳಿಯುತ್ತಿತ್ತು, ಐದನೆಯ ದಿನಕ್ಕೆ ಭರವಸೆ ಕಡಿಮೆ. ಮೇಲ್ಪದರ ಬಿಳಿಯಾಗಿ ಸುಲಿದು ಬಂದರೆ ಗಾಬರಿ ಬೇಡ, ಕೆಳಗೆ ಗುಲಾಬಿ ಇರುತ್ತದೆ. ಕಪ್ಪಾಗಿ ತೊಗಲಿನಂತೆ ಗಟ್ಟಿಯಾದದ್ದು ಹೋಯಿತು. ರಾತ್ರೋರಾತ್ರಿ ಕಸಿ ಕರಗಿಹೋದಂತೆ ಮಾಯವಾದರೆ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಎಂದು ಗುಮಾನಿ.

ರೋಗಿ ಬೈಯುವುದು ಕುತ್ತಿಗೆಯನ್ನಲ್ಲ, ತೊಡೆಯನ್ನು. ಅಲ್ಲಿ ನರದ ತುದಿಗಳು ಬಯಲಾಗಿರುತ್ತವೆ. ಅಲ್ಲಿನ ಡ್ರೆಸ್ಸಿಂಗಿನ ಒಳಪದರದ ಬಟ್ಟೆಯನ್ನು 10–14 ದಿನ ಮುಟ್ಟಬಾರದು, ಗಾಯ ಮಾಯ್ದಂತೆ ತಾನೇ ಕಳಚುತ್ತದೆ. ನೆನೆದಿದೆ ಎಂದು ಎಳೆದು ಕಿತ್ತರೆ ಮಾಯ್ದದ್ದೂ ಕಿತ್ತು ಬರುತ್ತದೆ.

ಇನ್ನು ಕಾಲರ್, ಕುತ್ತಿಗೆಯನ್ನು ಎತ್ತಿ ಹಿಡಿಯುವ ಗಟ್ಟಿ ಪಟ್ಟಿ. ಕಸಿ ಪೂರ್ತಿ ಹಿಡಿದರೂ ಅದರ ಕೆಳಗೆ ಮೊದಲಿನ ಆಟವೇ ಶುರು: ಹೊಸ ಗಾಯ, ಹೊಸ ಮಯೋಫೈಬ್ರೋಬ್ಲಾಸ್ಟ್. ಮೊದಲ ಮೂರರಿಂದ ಆರು ತಿಂಗಳಲ್ಲಿ ಎಳೆತ ಜೋರು. ಕಾಲರ್ ಇಲ್ಲದೆ ಬಿಟ್ಟ ಕುತ್ತಿಗೆಯಲ್ಲಿ ಗದ್ದ ಮೂರು ತಿಂಗಳಲ್ಲಿ ಅರ್ಧ ದಾರಿ ಕೆಳಗಿಳಿದಿರುತ್ತದೆ. ಅದಕ್ಕೇ ಆಪರೇಷನ್ ದಿನಾಂಕ ಕೊಡುವ ಮುಂಚೆ ನಾವು ಕೇಳುವುದು ಕಾಲರ್ ಹಾಕಿಕೊಳ್ಳುತ್ತೀರಾ ಎಂದು. ಹೊಲದ ಕೆಲಸ, ಗಾರ್ಮೆಂಟ್ಸ್ ಫ್ಯಾಕ್ಟರಿಯ ಪಾಳಿ, ಮನೆಯಲ್ಲಿ ಮದುವೆ ಇದ್ದರೆ ಅದು ಮುಗಿದ ಮೇಲೆ ಬನ್ನಿ ಎನ್ನುತ್ತೇವೆ. ಕಾಲರ್ ಹಾಕದವರಿಗೆ ಆಪರೇಷನ್ ಮಾಡುವುದು ಎರಡೂ ತೊಡೆಯ ಚರ್ಮ ದಂಡ ಮಾಡುವ ಕೆಲಸ. ಮಾತು ಒರಟು, ಆದರೆ ಎರಡನೆಯ ಸಲ ತೆಗೆಯಲು ತೊಡೆಯಲ್ಲಿ ಅಂಥದೇ ಒಳ್ಳೆಯ ಚರ್ಮ ಉಳಿದಿರುವುದಿಲ್ಲ.

ಹತ್ತರಿಂದ ಹದಿನಾಲ್ಕನೆಯ ದಿನದ ಸುಮಾರಿಗೆ ಅಳತೆ. ಥರ್ಮೋಪ್ಲಾಸ್ಟಿಕ್ ಹಾಳೆಯನ್ನು ಸುಮಾರು 70 ಡಿಗ್ರಿ ಬಿಸಿ ನೀರಿನಲ್ಲಿ ಮೆತ್ತಗಾಗಿಸಿ, ಒರೆಸಿ, ನಮ್ಮ ಮೊಣಕೈ ಒಳಭಾಗಕ್ಕೆ ಮುಟ್ಟಿಸಿ ಬಿಸಿ ನೋಡಿ, ಆಮೇಲೆ ರೋಗಿಯ ಕುತ್ತಿಗೆಗೆ. ಹೊಸ ಕಸಿಗೆ ಸ್ಪರ್ಶಜ್ಞಾನ ಇರುವುದಿಲ್ಲ, ಸುಟ್ಟರೂ ತಿಳಿಯುವುದಿಲ್ಲ. ಮೇಲೆ ದವಡೆಯ ಅಂಚು, ಕೆಳಗೆ ಎದೆಮೂಳೆಯವರೆಗೆ, ಗದ್ದದ ಕೆಳಗಿನ ಮೂಲೆ ಒಳಕ್ಕೆ ಒತ್ತಿ ಕೂರಬೇಕು. ಆ ಮೂಲೆಯನ್ನು ಒತ್ತದ ಕಾಲರ್ ಕುತ್ತಿಗೆಯನ್ನು ಎತ್ತಿ ಹಿಡಿಯುತ್ತದೆ, ಆದರೆ ಗದ್ದ ಯಾವುದು, ಕತ್ತು ಯಾವುದು ಎಂದು ತಿಳಿಯದಂತೆ ಒಂದೇ ಇಳಿಜಾರು ಮಾಡಿಬಿಡುತ್ತದೆ. ಅರ್ಧ ಗಂಟೆ ಹಾಕಿಸಿ ತೆಗೆದು ನೋಡಬೇಕು. ಗದ್ದದ ಮೇಲೆ, ಕಾಲರ್ ಮೂಳೆಯ ಮೇಲೆ, ದವಡೆಯ ಮೂಲೆಯಲ್ಲಿ ಮೂಡಿದ ಕೆಂಪು ಇಪ್ಪತ್ತು ನಿಮಿಷದಲ್ಲಿ ಮಾಸದಿದ್ದರೆ ಆ ಜಾಗವನ್ನು ಬಿಸಿಗಾಳಿಯಿಂದ ಉಬ್ಬಿಸಿ ಸರಿಮಾಡುತ್ತೇವೆ. ಆರು ತಿಂಗಳು ಹಗಲು ರಾತ್ರಿ, ಊಟ, ಸ್ನಾನ, ವ್ಯಾಯಾಮಕ್ಕೆ ಮಾತ್ರ ರಜೆ. ಆಮೇಲೆ ಇನ್ನಾರು ತಿಂಗಳು ರಾತ್ರಿ. ಮೂರು ವಾರದ ನಂತರ ಎಣ್ಣೆ ತಿಕ್ಕುವುದು. ಮಂಚದ ತುದಿಯಲ್ಲಿ ಭುಜದವರೆಗೆ ಮಲಗಿ ತಲೆಯನ್ನು ಹಿಂದಕ್ಕೆ ಇಳಿಬಿಟ್ಟು ಮೂವತ್ತು ಎಣಿಸುವುದು, ಹತ್ತು ಸಲ, ದಿನಕ್ಕೆ ನಾಲ್ಕೈದು ಬಾರಿ. ಕಸಿ ಮೊದಲ ವರ್ಷ ಬಿಸಿಲಿಗೆ ಬೇಗ ಕಪ್ಪಾಗುತ್ತದೆ. ಸನ್‌ಸ್ಕ್ರೀನ್ ಕೊಳ್ಳಲಾಗದಿದ್ದರೆ ಹತ್ತಿಯ ದುಪ್ಪಟ್ಟ, ಸೆರಗು ಸಾಕು.

ಚರ್ಮ ಒಡೆದರೆ ಕಾಲರ್ ಬಿಡುವುದು ಎಲ್ಲರೂ ಮಾಡುವ ತಪ್ಪು. ಬೊಬ್ಬೆಯೋ ಸಣ್ಣ ಹುಣ್ಣೋ ಆದರೆ ಅದಕ್ಕೆ ಗಾಜ್ ಇಟ್ಟು, ಕಾಲರನ್ನು ಆ ಜಾಗದಲ್ಲಿ ಸಡಿಲಿಸಿ ತಂದು ತೋರಿಸಬೇಕು. ವಾಸಿಯಾಗಲಿ ಎಂದು ಎರಡು ವಾರ ಬಿಟ್ಟು ಬಂದರೆ ಆ ಕಾಲರ್ ಮತ್ತೆ ಕೂರುವುದೇ ಇಲ್ಲ.

ಕಸಿಯೇ ಆಗಬೇಕೆಂದಿಲ್ಲ. ಎರಡೂ ಬದಿಗೆ ಒಳ್ಳೆಯ ಚರ್ಮವಿದ್ದು ನಡುವೆ ಒಂದೇ ಪಟ್ಟಿ ಎಳೆಯುತ್ತಿದ್ದರೆ ಝಡ್ ಪ್ಲಾಸ್ಟಿ: ಪಟ್ಟಿಯ ಮೇಲೆ ಒಂದು ಕೊಯ್ತ, ಎರಡು ತುದಿಯಿಂದ ಅಷ್ಟೇ ಉದ್ದದ ಎರಡು ಕೊಯ್ತ, ಎರಡು ತ್ರಿಕೋನಗಳನ್ನು ಅದಲುಬದಲು ಮಾಡಿ ಹೊಲಿಯುವುದು. ಕೋನ 60 ಡಿಗ್ರಿ ಇದ್ದರೆ ಲೆಕ್ಕಕ್ಕೆ ಉದ್ದ 75 ಪ್ರತಿಶತ ಹೆಚ್ಚುತ್ತದೆ, 30 ಡಿಗ್ರಿಗೆ 25. ಕಲೆಯಲ್ಲಿ ಅಷ್ಟು ಸಿಗುವುದಿಲ್ಲ, ತ್ರಿಕೋನದ ತುದಿ ಕಲೆಯಿಂದಲೇ ಆಗಿದ್ದರೆ ಕಪ್ಪಾಗಿ ಸಾಯುವುದೂ ಉಂಟು. ತೊಡೆಯ ಚರ್ಮವನ್ನು ಕೊಬ್ಬು, ರಕ್ತನಾಳದ ಸಮೇತ ತಂದು ಮೈಕ್ರೋಸ್ಕೋಪಿನ ಕೆಳಗೆ ಕುತ್ತಿಗೆಯ ನಾಳಕ್ಕೆ ಜೋಡಿಸುವ ಫ್ರೀ ಫ್ಲಾಪ್ ಬಹಳ ಕಡಿಮೆ ಮುದುಡುತ್ತದೆ, ಕಾಲರ್ ಗೋಳೂ ಕಡಿಮೆ. ಆದರೆ ದಪ್ಪಗೆ ಕೂರುತ್ತದೆ, ತೆಳುಮಾಡಲು ಇನ್ನೊಂದೆರಡು ಆಪರೇಷನ್, ನಾಳ ಕಟ್ಟಿಕೊಂಡರೆ ಇಡೀ ಫ್ಲಾಪ್ ಹೋಗುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಸುಟ್ಟ ಸೆಳೆತದ ಆಪರೇಷನ್ನಿಗೆ ಪ್ಯಾಕೇಜ್ ಇದೆ. ಸೇರುವ ದಿನವೇ ಸ್ಪ್ಲಿಂಟ್ (ಕಾಲರಿನಂತೆ ಅಂಗವನ್ನು ಒಂದು ಭಂಗಿಯಲ್ಲಿ ಹಿಡಿಯುವ ಪಟ್ಟಿ), ಪ್ರೆಷರ್ ಗಾರ್ಮೆಂಟ್ ಅದರೊಳಗೆ ಬರುತ್ತವೆಯೇ ಎಂದು ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರ ಬಳಿ ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು.

ಮಿಕ್ಕ ಜಾಗಗಳಲ್ಲಿ ಸೂತ್ರ ಅದೇ, ಅಪಾಯ ಬೇರೆ. ಕಂಕುಳಿನಲ್ಲಿ ತೋಳನ್ನು 90 ಡಿಗ್ರಿ ಎತ್ತಿ ಕಟ್ಟುವ ಏರೋಪ್ಲೇನ್ ಸ್ಪ್ಲಿಂಟ್. ಮೊಣಕೈಯಲ್ಲಿ ಕಲೆ ಬಿಡಿಸಿದರೂ ಕೀಲು ಅಲ್ಲಾಡದಿದ್ದರೆ ಎಕ್ಸ್‌ರೇ ನೋಡಬೇಕು, ಸುಟ್ಟವರಲ್ಲಿ ಅಲ್ಲಿ ಇರಬಾರದ ಮೂಳೆ ಬೆಳೆದಿರುವುದುಂಟು. ಬೆರಳು ವರ್ಷಗಟ್ಟಲೆ ಮಡಚಿದ್ದರೆ ಚರ್ಮದ ಜೊತೆ ರಕ್ತನಾಳವೂ ಗಿಡ್ಡವಾಗಿರುತ್ತದೆ. ಬಿಡಿಸಿ, ನೇರ ಮಾಡಿ, ನೇರವಾಗಿಯೇ ನಿಲ್ಲಲು ತಂತಿ ತೂರಿಸಿ, ರಕ್ತ ತಡೆಯಲು ತೋಳಿಗೆ ಕಟ್ಟಿದ್ದ ಪಟ್ಟಿ ಸಡಿಲಿಸಿದಾಗ ನಾಲ್ಕು ಬೆರಳು ಕೆಂಪಾಗಿ ಒಂದು ಮೇಣದಂತೆ ಬಿಳಿಯಾಗಿಯೇ ಉಳಿದರೆ, ಬೆಚ್ಚಗಿನ ಸಲೈನ್ ಹಾಕಿ ಕೆಲವು ನಿಮಿಷ ಕಾಯುತ್ತೇವೆ. ಆಗಲೂ ಬಣ್ಣ ಬರದಿದ್ದರೆ ತಂತಿ ಹಿಂದಕ್ಕೆ ಎಳೆದು ಬೆರಳನ್ನು ರಕ್ತ ಬರುವಷ್ಟು ಮಡಚಿ ಬಿಡಬೇಕು. ನೇರವಾದ ಸತ್ತ ಬೆರಳಿಗಿಂತ ಕೊಂಚ ಮಡಚಿದ ಬದುಕಿದ ಬೆರಳು ಮೇಲು. ಮಿಕ್ಕದ್ದನ್ನು ಆಮೇಲೆ ಸ್ಪ್ಲಿಂಟಿನಲ್ಲಿ ನಿಧಾನಕ್ಕೆ ಎಳೆಯಬಹುದು. ಮಕ್ಕಳ ತಂದೆತಾಯಿಗೆ ಮೊದಲೇ ಹೇಳಿಬಿಡುತ್ತೇವೆ: ಮೂಳೆ ಬೆಳೆದಂತೆ ಕಲೆ ಬೆಳೆಯುವುದಿಲ್ಲ, ದೊಡ್ಡವರಾಗುವ ಹೊತ್ತಿಗೆ ಇನ್ನೊಂದು ಸಲ ಬಿಡಿಸಬೇಕಾಗಬಹುದು.

ಕೊನೆಯದಾಗಿ, ಯಾರೂ ಬಿಡಿಸದೆ ಬಿಟ್ಟ ಹಳೆಯ ಕಲೆ. ಮೊಣಕಾಲ ಹಿಂದೆಯೋ ಹಿಮ್ಮಡಿಯ ಬಳಿಯೋ ಇಪ್ಪತ್ತು ಮೂವತ್ತು ವರ್ಷದ ಕಲೆ, ಪ್ರತಿ ಹೆಜ್ಜೆಗೂ ಎಳೆದು ಬಿರಿಯುತ್ತದೆ, ಮಾಯುತ್ತದೆ, ಮತ್ತೆ ಬಿರಿಯುತ್ತದೆ. ಒಂದು ದಿನ ಮಾಯುವುದು ನಿಲ್ಲುತ್ತದೆ. ಫ್ರಾನ್ಸಿನ ಸರ್ಜನ್ ಮಾರ್ಜೊಲಿನ್ 1828ರಲ್ಲಿ ಕಲೆಯೊಳಗಿನ ಇಂಥ ಹುಣ್ಣನ್ನು ವಿವರಿಸಿದರು, ಇವತ್ತಿಗೂ ಅವರ ಹೆಸರಿನಲ್ಲೇ ಕರೆಯುತ್ತೇವೆ. ಅದು ಚರ್ಮದ ಕ್ಯಾನ್ಸರ್. ಮೂರು ತಿಂಗಳಾದರೂ ಮಾಯದ ಹುಣ್ಣು, ಹೊರಕ್ಕೆ ಮಗುಚಿ ಗಟ್ಟಿಯಾದ ಅಂಚು, ಹೂಕೋಸಿನಂತೆ ಎದ್ದ ಮಾಂಸ, ಕೆಟ್ಟ ವಾಸನೆ, ಮುಟ್ಟಿದರೆ ರಕ್ತ, ಇವುಗಳಲ್ಲಿ ಒಂದಿದ್ದರೂ ಮುಲಾಮು ಬದಲಿಸುತ್ತಾ ಕೂರಬಾರದು. ಬಯಾಪ್ಸಿಗೆ ತುಣುಕನ್ನು ನಡುವಿನಿಂದ ತೆಗೆಯಬಾರದು, ಅಲ್ಲಿ ಸತ್ತ ಅಂಗಾಂಶವೇ ಹೆಚ್ಚು. ಅಂಚಿನ ನಾಲ್ಕು ಕಡೆಯಿಂದ, ಒಳ್ಳೆಯ ಚರ್ಮವೂ ಸೇರುವಂತೆ ತೆಗೆಯಬೇಕು. ತೊಡೆಸಂದಿಯಲ್ಲಿ ಗಂಟು ಇದೆಯೇ ಎಂದು ಬೆರಳಿಟ್ಟು ನೋಡಬೇಕು. ವರದಿಯಲ್ಲಿ ಕ್ಯಾನ್ಸರ್ ಇಲ್ಲ ಎಂದು ಬಂದು, ಹುಣ್ಣು ಮಾತ್ರ ಮೊದಲಿನಂತೆಯೇ ಇದ್ದರೆ ಬಯಾಪ್ಸಿಯನ್ನು ಇನ್ನೊಮ್ಮೆ ಮಾಡಿಸಬೇಕು.